ಖಾಲಿ ಸ್ಟುಡಿಯೊಕ್ಕೆ ಇಳಿದ ಬಿಸಿಲುಕೋಲು

ಪ್ರಶ್ನೆ: ಊರಿನ ನಮ್ಮ ಹಂಚಿನ ಮನೆಯಲ್ಲಿ ಮೊಬೈಲಿನಲ್ಲೇ ಹತ್ತು ನಿಮಿಷದ ಕಿರುಚಿತ್ರ ತೆಗೆದಿದ್ದೇನೆ. ಗಂಡ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಅಜ್ಜಿಯ ಕಥೆ ಅದು. ದುಃಖಕ್ಕೆ ಕ್ಲೋಸಪ್ ಬೇಕೆಂದು ಎಲ್ಲೋ ಓದಿದ್ದರಿಂದ ಬಹುಪಾಲು ಕ್ಲೋಸಪ್‌ಗಳೇ ಇವೆ. ನೋಡಿದವರು ಅಜ್ಜಿಯ ಅಭಿನಯವನ್ನು ಮೆಚ್ಚಿದರೇ ಹೊರತು ಒಂಟಿತನ ಯಾರಿಗೂ ತಟ್ಟಲಿಲ್ಲ. ಎಲ್ಲಿ ತಪ್ಪಿದ್ದೇನೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಚೌಕಟ್ಟಿನ ತುಂಬ ಅಜ್ಜಿಯ ಮುಖವೇ ಇದ್ದರೆ ಮನೆ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಜಾಗ ಬರಿದಾಗಿದೆ ಎಂಬುದು ನೋಡುವವರಿಗೆ ತಿಳಿಯುವುದಾದರೂ ಹೇಗೆ? ನಿಮ್ಮ ಕಥೆಯ ದುಃಖ ಅಜ್ಜಿಯ ಕಣ್ಣಿನಲ್ಲಿರುವಷ್ಟೇ ಅವರ ಎದುರಿನ ಖಾಲಿ ಮಣೆಯಲ್ಲೂ ಇದೆ. ಅದನ್ನು ನೀವು ಚೌಕಟ್ಟಿನ ಹೊರಗೆ ಬಿಟ್ಟಿದ್ದೀರಿ.

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರ ಕೆಲಸವನ್ನು ಒಮ್ಮೆ ನೋಡಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಗುರುದತ್ ನಿರ್ದೇಶನದಲ್ಲಿ ಅವರು ಚಿತ್ರೀಕರಿಸಿದ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಎತ್ತರದ ಎರಡು ಪಟ್ಟಿಗಿಂತಲೂ ಹೆಚ್ಚು ಅಗಲವಿದ್ದ ಆ ಪರದೆ ಕೈಗೆ ಸಿಕ್ಕಿದರೆ ಬೇರೆಯವರು ಯುದ್ಧವನ್ನೋ ದರ್ಬಾರನ್ನೋ ತುಂಬುತ್ತಿದ್ದರು. ಇವರು ಬರಿದನ್ನೇ ತುಂಬಿದರು. ‘ವಕ್ತ್ ನೆ ಕಿಯಾ’ ಹಾಡಿನಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ಜನರಿಲ್ಲದ ಕತ್ತಲ ಸ್ಟುಡಿಯೊ ಒಂದರಲ್ಲಿ ದೂರ ದೂರ ನಿಂತಿರುತ್ತಾರೆ. ಇಬ್ಬರ ತುಟಿಯೂ ಅಲುಗುವುದಿಲ್ಲ. ಮೇಲಿನಿಂದ ಬಿಸಿಲುಕೋಲೊಂದು ನೆಲಕ್ಕೆ ಇಳಿದಿರುತ್ತದೆ. ಅವರ ಛಾಯಾರೂಪಗಳು ಮೈಬಿಟ್ಟು ಹೊರಬಂದು ಆ ಬೆಳಕಿನತ್ತ ನಡೆಯುತ್ತವೆ, ಮೈಗಳು ಮಾತ್ರ ನಿಂತಲ್ಲೇ ಉಳಿಯುತ್ತವೆ.

ಆ ಬೆಳಕು ದೀಪದ್ದಲ್ಲ. ಸ್ಟುಡಿಯೊ ದೀಪದ ಬೆಳಕು ಮುಂದೆ ಸಾಗಿದಂತೆ ಹರಡಿಕೊಳ್ಳುತ್ತದೆ. ಸೂರ್ಯನ ಕಿರಣಗಳು ಬಹುದೂರದಿಂದ ಬರುವುದರಿಂದ ಹೆಚ್ಚುಕಡಿಮೆ ಸಮಾನಾಂತರವಾಗಿದ್ದು, ಅವುಗಳ ಅಂಚು ಕತ್ತರಿಸಿಟ್ಟಂತೆ ನೇರವಾಗಿರುತ್ತದೆ. ಮೂರ್ತಿಯವರು ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಅದನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಗಿಳಿಸಿದರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು ಎಂಬುದು ಬೇರೆ ಮಾತು. ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು.

ನಿಮಗೆ ಕನ್ನಡಿಯ ಸಾಹಸವೂ ಬೇಕಿಲ್ಲ. ನಿಮ್ಮ ಮಾಡಿನಲ್ಲಿ ಒಂದಾದರೂ ಗಾಜಿನ ಹಂಚು ಇದ್ದೀತು. ಅದರ ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಎರಡು ದಿನ ಸುಮ್ಮನೆ ಕುಳಿತು ನೋಡಿ. ಅಡುಗೆಮನೆಯ ಹೊಗೆಯೋ ಧೂಳೋ ಗಾಳಿಯಲ್ಲಿದ್ದರೆ ಮಾತ್ರ ಅದು ಕೋಲಿನಂತೆ ಕಾಣುತ್ತದೆ. ಅಜ್ಜಿಯನ್ನು ಆ ಬೆಳಕಿನಿಂದ ಆಚೆ, ನಡುಮನೆಯ ಮೂಲೆಯಲ್ಲಿ ಕೂರಿಸಿ, ನೀವು ಜಗುಲಿಯ ಬಾಗಿಲಿನಷ್ಟು ಹಿಂದಕ್ಕೆ ಸರಿದು ಚಿತ್ರಿಸಿ. ಕ್ಲೋಸಪ್ ಒಂದೇ ಒಂದು ಇರಲಿ, ಅದೂ ಕೊನೆಯಲ್ಲಿ.

ಪ್ರಶ್ನೆ: ಕ್ಯಾಮೆರಾವನ್ನು ಕೆಳಗಿಟ್ಟು ತೆಗೆದರೆ ಪಾತ್ರ ಬಲಶಾಲಿಯಾಗಿ ಕಾಣುತ್ತದೆ ಎನ್ನುವುದು ನಿಯಮವೇ?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ನಮ್ಮ ನಾಯಕರ ಪ್ರವೇಶದ ದೃಶ್ಯಗಳನ್ನು ನೋಡಿದರೆ ನಿಯಮವೆಂದೇ ತೋರುತ್ತದೆ. ಆದರೆ ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ನಾಯಕ ಚುನಾವಣೆ ಸೋತ ರಾತ್ರಿಯ ದೃಶ್ಯವನ್ನು ಸ್ಟುಡಿಯೊದ ನೆಲವನ್ನೇ ಅಗೆದು, ಕ್ಯಾಮೆರಾವನ್ನು ಅಷ್ಟು ಕೆಳಗಿಳಿಸಿ ತೆಗೆದಿದ್ದಾರೆ. ಅವನು ಬೆಟ್ಟದಂತೆ ಕಾಣುವುದು ನಿಜ. ಅವನ ತಲೆಯ ಮೇಲೆಯೇ, ತೆಳು ಬಟ್ಟೆ ಬಿಗಿದು ಮಾಡಿದ ಸೂರು ಒತ್ತಿಕೊಂಡು ಬಂದಂತೆ ಕಾಣುವುದೂ ಅಷ್ಟೇ ನಿಜ.