ಅಪ್ಪನ ಆಂಜಿಯೋಗ್ರಾಂ: ನಳಿಕೆಗಿಂತ ಮೊದಲು ನೀರಿನ ಮಾತು

ವಿಜಯಪುರದಿಂದ ಅಪ್ಪನನ್ನು ಬೆಳಗಾವಿಗೆ ಕರೆದೊಯ್ಯುತ್ತಿದ್ದೀರಿ, ಹಳೆಯ ಶುಗರ್, ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಪಾಸಿಟಿವ್, ಹೃದಯದ ರಕ್ತನಾಳ ನೋಡಲು ಕೈಯಿಂದ ನಳಿಕೆ ಹಾಕಿಸುವುದಕ್ಕಿಂತ ಸ್ಕ್ಯಾನ್‌ನಲ್ಲಿ ಮಾಡುವ ಸಿಟಿ ಆಂಜಿಯೋ ಸುರಕ್ಷಿತವಲ್ಲವೇ ಅಂತ ಕೇಳಿದ್ದೀರಿ. ಬಾಗಲಕೋಟೆಯ ನಮ್ಮ ಮನೆಯಲ್ಲೂ ನಮ್ಮ ಅಪ್ಪನ ಆಂಜಿಯೋಗೆ ಇದೇ ಚರ್ಚೆ ನಡೆದಿತ್ತು. ನಾನಿನ್ನೂ ಕ್ಯಾಥ್ ಲ್ಯಾಬ್ (ನಳಿಕೆ ಹಾಕುವ ಕೋಣೆ) ಕೆಲಸಕ್ಕೆ ಸೇರಿರಲಿಲ್ಲ. ನಳಿಕೆಯ ಭಯದಲ್ಲಿ ಕಿಡ್ನಿಯ ಕಡೆ ಯಾರೂ ನೋಡಲಿಲ್ಲ.

"ಖಾಲಿ ಹೊಟ್ಟೆಯಲ್ಲಿ ಬರ್ರಿ" ಅಂದಿದ್ದರು. ನಾನು ಅದನ್ನು ನಿರ್ಜಲ ಏಕಾದಶಿ ಅಂದುಕೊಂಡೆ. ರಾತ್ರಿ ಎಂಟಕ್ಕೆ ಊಟವಾದ ಮೇಲೆ ಗುಟುಕು ನೀರೂ ಕೊಡಲಿಲ್ಲ. ಮೇ ತಿಂಗಳ ಬಿಸಿಲು, ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಹದಿನೆಂಟು ತಾಸು! ಜೊತೆಗೆ ಮೊಣಕಾಲು ನೋವಿಗೆ ನಾಲ್ಕು ದಿನದಿಂದ ಡೈಕ್ಲೋಫೆನಾಕ್ ಗುಳಿಗೆ ನಡೆದಿತ್ತು, ಅದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಆಂಜಿಯೋ ಸಲೀಸಾಗಿ ಮುಗಿಯಿತು. ಮೂರನೇ ದಿನ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) 1.3ರಿಂದ 2.4ಕ್ಕೆ ಏರಿತ್ತು.

ಯಾಕೆ ಅಂದರೆ, ರಕ್ತನಾಳ ಎಕ್ಸ್‌ರೇಯಲ್ಲಿ ತಾನಾಗಿ ಕಾಣುವುದಿಲ್ಲ. ಕಾಣಿಸುವುದು ಅಯೋಡಿನ್ ಇರುವ ಡೈ. ಆ ಡೈ ಹೊರಹೋಗುವ ದಾರಿ ಕಿಡ್ನಿ. ಕಿಡ್ನಿಯ ಒಳಭಾಗ ಯಾವಾಗಲೂ ಕಡಿಮೆ ಆಮ್ಲಜನಕದಲ್ಲೇ ದುಡಿಯುತ್ತದೆ. ಮೈಯಲ್ಲಿ ನೀರಿಲ್ಲದಾಗ ಸೂಕ್ಷ್ಮ ಕೊಳವೆಗಳಲ್ಲಿ ಡೈ ಗಟ್ಟಿಯಾಗಿ, ಸಾಗದೆ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುವುದು ಮೈಯೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ. ಡೈಕ್ಲೋಫೆನಾಕ್ ಅದನ್ನೇ ಕಟ್ಟಿಹಾಕುತ್ತದೆ. ಅಂದರೆ ಒಣಗಿದ ಮೈ, ಕುಗ್ಗಿದ ನಾಳ, ಮೇಲೆ ಡೈ. ಮೂರರಲ್ಲಿ ಎರಡು ನನ್ನ ಕೈಯಲ್ಲೇ ಇದ್ದವು. ಕ್ರಿಯಾಟಿನಿನ್ 1.4ಕ್ಕೆ ಇಳಿಯಲು ಮೂರು ವಾರ ಬೇಕಾಯಿತು.

ಸಿಟಿಯಲ್ಲೂ ಡೈ ಇದೆ. ಮೊಣಕೈ ರಕ್ತನಾಳಕ್ಕೆ 18 ಗೇಜ್ ಸೂಜಿ ಹಾಕಿ, ಸೆಕೆಂಡಿಗೆ ಸುಮಾರು 5 ಮಿಲಿಯಂತೆ 60ರಿಂದ 80 ಮಿಲಿ ಬಿಡುತ್ತಾರೆ. ನಳಿಕೆಯಲ್ಲಿ ಹೃದಯದ ಎಡ ನಾಳಕ್ಕೆ ಒಮ್ಮೆಗೆ 6ರಿಂದ 8 ಮಿಲಿ, ಬಲಕ್ಕೆ 4ರಿಂದ 5. ಎಲ್ಲ ಕೂಡಿ ಸಾಮಾನ್ಯವಾಗಿ 30ರಿಂದ 60. ಸಿಟಿಯ ಡೈ ಕಿಡ್ನಿ ಮುಟ್ಟುವಷ್ಟರಲ್ಲಿ ತೆಳುವಾಗಿರುತ್ತದೆ ಅನ್ನುವುದು ನಿಜ. ಆದರೆ ಹಳೆಯ ಶುಗರ್‌ನವರ ನಾಳಗಳಲ್ಲಿ ಹೆಚ್ಚಾಗಿ ಸುಣ್ಣ ಕಟ್ಟಿರುತ್ತದೆ, ಅದು ಸಿಟಿಯಲ್ಲಿ ಉಬ್ಬಿ ಕಂಡು ಬ್ಲಾಕ್ ಇರುವುದಕ್ಕಿಂತ ದೊಡ್ಡದೆನಿಸುತ್ತದೆ. ಹಾಗಾದರೆ ಕೊನೆಗೆ ನಳಿಕೆಯೂ ಬೇಕಾಗಬಹುದು, ಆಗ ಡೈ ಎರಡು ಸಲ. ಟಿಎಂಟಿ ಪಾಸಿಟಿವ್ ಇದ್ದು, ನಡೆದರೆ ಎದೆ ಹಿಡಿಯುತ್ತಿದ್ದರೆ ನೇರ ನಳಿಕೆಯೇ ಸರಿ ಅಂತ ನಾನನ್ನುತ್ತೇನೆ. ಬೇಕಾದರೆ ಅದೇ ದಾರಿಯಲ್ಲಿ ಸ್ಟೆಂಟ್ (ನಾಳ ತೆರೆದಿಡುವ ಜಾಲರಿ) ಕೂಡ ಹಾಕಬಹುದು.

ನಳಿಕೆಗೆ ಇಷ್ಟು ಹೆದರಬೇಡಿ. ಮಣಿಕಟ್ಟಿಗೆ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ 5 ಅಥವಾ 6 ಫ್ರೆಂಚ್ ನಳಿಕೆ ಇಳಿಸುತ್ತಾರೆ. 6 ಫ್ರೆಂಚ್ ಅಂದರೆ 2 ಮಿಲಿಮೀಟರ್ ದಪ್ಪ. ನಾಳ ಸೆಟೆಯದಿರಲು ನೈಟ್ರೊಗ್ಲಿಸರಿನ್, ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್. ಮುಗಿದ ಮೇಲೆ ಪಾರದರ್ಶಕ ಪಟ್ಟಿ ಕಟ್ಟಿ 13ರಿಂದ 15 ಮಿಲಿ ಗಾಳಿ ತುಂಬಿ, ಒಂದೆರಡು ತಾಸಿನ ಬಳಿಕ ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ರಕ್ತ ಜಿನುಗಿದರೆ ಮತ್ತೆ ಗಾಳಿ ತುಂಬುತ್ತಾರೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ನರ್ಸ್‌ಗೆ ಹೇಳಿ. ಬಸ್ಸಿನ ಕಂಬಿಯನ್ನು ಆ ಕೈಯಲ್ಲಿ ಹಿಡಿಯಬಾರದು.

ಬೆಳಗಾವಿಯಲ್ಲಿ ನೀವು ಕೇಳಬೇಕಾದ್ದು ಬೇರೆ: ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು? ಊಟಕ್ಕೆ ಆರು ತಾಸು ತಡೆ ಹೇಳುವಲ್ಲೂ ತಿಳಿನೀರಿಗೆ ಸಾಮಾನ್ಯವಾಗಿ ಎರಡು ತಾಸು ಸಾಕು. ಕ್ರಿಯಾಟಿನಿನ್, ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಎಷ್ಟಿದೆ, ಸಲೈನ್ ಬೇಕಾ? ಗಂಟೆಗೆ ಮೈತೂಕದ ಪ್ರತಿ ಕಿಲೋಗೆ 1 ಮಿಲಿ ಸಾಮಾನ್ಯ ಲೆಕ್ಕ. ಹೃದಯದ ಪಂಪಿಂಗ್ ಕಮ್ಮಿ ಇದ್ದರೆ ಅದನ್ನೂ ಇಳಿಸುತ್ತಾರೆ. ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಯಾವಾಗ ನಿಲ್ಲಿಸಬೇಕು, ಉಪವಾಸದ ಬೆಳಿಗ್ಗೆ ಇನ್ಸುಲಿನ್ ಎಷ್ಟು? ಅಪ್ಪನ ಗುಳಿಗೆ ಚೀಲವನ್ನೇ ಮೇಜಿನ ಮೇಲೆ ಸುರಿಯಿರಿ, ಮೊಣಕಾಲಿನದೂ ಬಿಡದೆ. ಮೂರನೇ ದಿನದ ಕ್ರಿಯಾಟಿನಿನ್ ವಿಜಯಪುರದಲ್ಲೇ ಮಾಡಿಸಿ, ವರದಿಯನ್ನು ಅದೇ ದಿನ ಡಾಕ್ಟರಿಗೆ ಕಳಿಸಿ.