ಗಸಿ ಕೂತ ಬಾಟಲಿ

ಓದುಗರ ಪತ್ರ: ಬಿ.ಎಸ್ಸಿ. ಮುಗಿಸಿ ಊರಲ್ಲೇ ಉಳಿದು 11 ಹಸು ಕಟ್ಟಿದ್ದೇನೆ. ಹಾಲು ಕರೆದ ಮೇಲೆ ತೊಟ್ಟು ಅದ್ದುವ ಅಯೋಡಿನ್ ದ್ರಾವಣಕ್ಕೆ ಕ್ವಾಟರ್ನರಿ ಅಮೋನಿಯಂ (ಚುಟುಕಾಗಿ ಕ್ವಾಟ್, ಇದೂ ಬ್ಯಾಕ್ಟೀರಿಯಾ ಕೊಲ್ಲುವಂಥದ್ದೇ) ಸೇರಿಸಿ ಹೊಸ ಮಿಶ್ರಣ ಮಾಡಿದೆ. ಕೆಚ್ಚಲು ಬಾವು ಕಮ್ಮಿಯಾಯಿತು. ಪೇಟೆಂಟ್‌ಗೆ ಅರ್ಜಿ ಹಾಕಿದೆ. ಈಗ ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ ಬಂದಿದೆ. ಇದು ಬರೀ ಬೆರಕೆ ಅಂತ ಬರೆದಿದ್ದಾರೆ. ಎರಡು ವಿದೇಶಿ ದಾಖಲೆ ತೋರಿಸಿದ್ದಾರೆ. ಒಂದರಲ್ಲಿ ಅಯೋಡಿನ್ ಮಾತ್ರ, ಇನ್ನೊಂದರಲ್ಲಿ ಕ್ವಾಟ್ ಮಾತ್ರ. ಎರಡೂ ಇರುವ ದಾಖಲೆ ಒಂದೂ ಇಲ್ಲ. ಹಸುವಿನ ಕೆಚ್ಚಲು ಮುಟ್ಟಿ ನೋಡದವರು ಹೀಗೆ ಬರೆದರೆ ನಮ್ಮಂಥವರು ಏನು ಮಾಡಬೇಕು? (ನಾಲ್ಕು ಪುಟದ ಪತ್ರದ ಸಾರ)
— ಓದುಗರೊಬ್ಬರು, ಚನ್ನರಾಯಪಟ್ಟಣ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಓದಿದಾಗ ನಾನೂ ನಿಮ್ಮ ಪಕ್ಷವೇ. ಜೊತೆಗಿಟ್ಟ ಪರೀಕ್ಷಾ ವರದಿ ಓದಿದ ಮೇಲೆ ಅಷ್ಟು ಗಟ್ಟಿಯಾಗಿ ಹೇಳಲು ಬಾಯಿ ಬರಲಿಲ್ಲ. ಆಮೇಲೆ ನಿಮ್ಮ ಮೂರನೇ ಪುಟದ ಅಂಚಿನಲ್ಲಿ ಸಣ್ಣಗೆ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು. ನಿಮ್ಮ ಕೇಸ್ ಇರುವುದು ಆ ಸಾಲಿನಲ್ಲಿ. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಾಳಿ.

ಮೊದಲು ಕೆಚ್ಚಲು ಮುಟ್ಟದವರ ಮಾತು. ಪರೀಕ್ಷಕರು ಹಾಲು ಕರೆದಿದ್ದಾರೋ ಇಲ್ಲವೋ, ಅದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಗಣಿ ಬಾಚುವ ಪೇಟೆಂಟ್ ಒಂದರ ಬಗ್ಗೆ ತೀರ್ಪು ಕೊಟ್ಟಿತು. ತಮಾಷೆ ಅಲ್ಲ, ನಿಜ. ಸಕ್ರೈಡಾ ಮತ್ತು ಆಗ್ ಪ್ರೊ ಕಂಪನಿಯ ನಡುವಿನ ಕೇಸ್ ಅದು. ಕೊಟ್ಟಿಗೆ ನೆಲವನ್ನು ಇಳಿಜಾರು ಮಾಡಿ, ತೊಟ್ಟಿಯಲ್ಲಿ ನೀರು ತುಂಬಿಸಿಟ್ಟು, ಒಮ್ಮೆಗೇ ಬಿಟ್ಟರೆ ಸಗಣಿಯೆಲ್ಲ ಕೊಚ್ಚಿಕೊಂಡು ಚರಂಡಿಗೆ ಹೋಗುತ್ತದೆ. ಇದಕ್ಕೆ ಪೇಟೆಂಟ್ ಇತ್ತು. ಕೆಳಗಿನ ಮೇಲ್ಮನವಿ ಕೋರ್ಟು ಅದನ್ನು ಎತ್ತಿ ಹಿಡಿದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಳಿಜಾರು ಹಳೆಯದು, ತೊಟ್ಟಿ ಹಳೆಯದು, ನೀರು ಹಳೆಯದು. ಸೇರಿಸಿದ ಮೇಲೂ ಪ್ರತಿಯೊಂದೂ ತನ್ನ ಹಳೇ ಕೆಲಸವನ್ನೇ ಮಾಡುತ್ತಿದೆ. ಬಿಡಿಬಿಡಿಯಾಗಿ ಸಿಗುವುದನ್ನೆಲ್ಲ ಕೂಡಿಸಿದರೆ ಬರುವ ಮೊತ್ತಕ್ಕಿಂತ ಜಾಸ್ತಿ ಏನೂ ಹುಟ್ಟಿಲ್ಲ ಅಂತ ಹೇಳಿ ಪೇಟೆಂಟ್ ರದ್ದು ಮಾಡಿತು. ಆ ತೀರ್ಪು ನಮ್ಮಲ್ಲಿ ನಡೆಯುವುದಿಲ್ಲ, ನಮ್ಮ ಕಾನೂನೇ ಬೇರೆ. ಆದರೆ ನಿಮಗೆ ಕೇಳಿದ ಪ್ರಶ್ನೆಯೂ ಹೆಚ್ಚು ಕಮ್ಮಿ ಅದೇ.

ಎರಡೂ ಇರುವ ದಾಖಲೆ ತೋರಿಸಿಲ್ಲ ಅನ್ನುವ ನಿಮ್ಮ ಸಿಟ್ಟು ಅರ್ಧ ಸರಿ. 'ಇದು ಹೊಸದಲ್ಲ' ಅನ್ನಬೇಕಾದರೆ ಒಂದೇ ದಾಖಲೆಯಲ್ಲಿ ನಿಮ್ಮ ಮಿಶ್ರಣ ಪೂರ್ತಿ ಇರಬೇಕು. ಅದು ಅವರ ಕೈಯಲ್ಲಿಲ್ಲ. ವರದಿಯನ್ನು ಇನ್ನೊಮ್ಮೆ ನೋಡಿ, ಹೊಸದಲ್ಲ ಅಂತ ಅವರು ಎಲ್ಲೂ ಬರೆದಿಲ್ಲ. ಅವರು ಬರೆದಿರುವುದು 'ಈ ಕಸುಬು ಗೊತ್ತಿರುವ ಯಾರಿಗಾದರೂ ಹೊಳೆಯುವಂಥದ್ದು' ಅಂತ. ಹಾಗೆ ಹೇಳಲು ಎರಡು ದಾಖಲೆ ಪಕ್ಕಪಕ್ಕ ಇಟ್ಟು ನೋಡಬಹುದು. ಮತ್ತೆ ಆ ಎರಡೂ ಹಳೆಯವೇ. ಅಯೋಡಿನ್ 1811ರಲ್ಲಿ ಫ್ರಾನ್ಸಿನ ಕುರ್ಟ್ವಾ ಅವರಿಗೆ ಕಡಲಪಾಚಿಯ ಬೂದಿಯಲ್ಲಿ ಸಿಕ್ಕಿತು. ನಾವು ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ 1955ರದ್ದು. ಕ್ವಾಟ್‌ಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆ ಅಂತ ಜರ್ಮನಿಯ ಡೊಮಾಕ್ ತೋರಿಸಿದ್ದು 1935ರಲ್ಲಿ. ಹಾಲು ಕರೆದ ಮೇಲೆ ತೊಟ್ಟು ಅದ್ದುವ ಪದ್ಧತಿಯನ್ನು 1960ರ ದಶಕದಲ್ಲೇ ಇಂಗ್ಲೆಂಡಿನ ಡೈರಿ ಸಂಶೋಧಕರು ಕೆಚ್ಚಲು ಬಾವು ತಡೆಯುವ ಐದು ಸೂತ್ರದಲ್ಲಿ ಒಂದು ಮಾಡಿ ಪ್ರಚಾರ ಮಾಡಿದ್ದರು.

ಈಗ 'ಬರೀ ಬೆರಕೆ' ಅನ್ನುವ ಮಾತಿಗೆ ಬರೋಣ. ಅದು ಬೈಗುಳ ಅಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಇ) ಹೇಳುವುದು ಇಷ್ಟೇ: ಎರಡು ವಸ್ತು ಬೆರೆಸಿದಾಗ ಅವುಗಳ ಗುಣಗಳು ಸುಮ್ನೆ ಒಟ್ಟಾಗುವುದಾದರೆ ಅದು ಆವಿಷ್ಕಾರ ಅಲ್ಲ. ಹಾಲಿಗೆ ಸಕ್ಕರೆ ಹಾಕಿದರೆ ಸಿಹಿ ಹಾಲು. ಹಾಲಿನ ಗುಣ ಹಾಲಿಗೆ, ಸಕ್ಕರೆಯದು ಸಕ್ಕರೆಗೆ. ಅದೇ ಅರಿಶಿನದ ನೀರಿಗೆ ಸುಣ್ಣ ಹಾಕಿ ನೋಡಿ. ಒಂದು ಹಳದಿ, ಒಂದು ಬಿಳಿ, ಆದರೆ ತಟ್ಟೆಯಲ್ಲಿ ಓಕುಳಿ ಕೆಂಪು! ಆ ಕೆಂಪು ಎರಡರಲ್ಲೂ ಇರಲಿಲ್ಲ. ನಿಮ್ಮ ಬಾಟಲಿಯಲ್ಲಿ ಅಂಥ ಕೆಂಪು ಎಲ್ಲಿದೆ ತೋರಿಸಿ ಅಂತ ಪರೀಕ್ಷಕರು ಕೇಳುತ್ತಿದ್ದಾರೆ. (ಓಕುಳಿಗೇ ಪೇಟೆಂಟ್ ಕೊಡಿ ಅಂತ ಹೋದರೆ ಸಿಗಲ್ಲ. ಅದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿತ್ತು.)

ನೀವು ಕೊಟ್ಟಿರುವ ಲೆಕ್ಕ ಅದನ್ನು ತೋರಿಸುವುದಿಲ್ಲ. ಹಿಂದಿನ ವರ್ಷ ನಾಲ್ಕು ಹಸುವಿಗೆ ಬಾವು ಬಂದಿತ್ತು, ಮಿಶ್ರಣ ಶುರು ಮಾಡಿದ ವರ್ಷ ಒಂದಕ್ಕೆ. ಸಂತೋಷ. ಆದರೆ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಅದೇ ವರ್ಷ ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕಿಸಿದಿರಿ ಅಂತ. ಕಮ್ಮಿ ಮಾಡಿದ್ದು ಮ್ಯಾಟೋ ಮಿಶ್ರಣವೋ? ಮಿಶ್ರಣವೇ ಅಂದುಕೊಳ್ಳೋಣ. ಬರೀ ಅಯೋಡಿನ್ ಅದ್ದಿದ್ದರೆ ಎಷ್ಟಿರುತ್ತಿತ್ತು? ನಿಮ್ಮ ಪುಸ್ತಕದಲ್ಲಿ ಆ ಕಾಲಂ ಇಲ್ಲ.

ಆ ಕಾಲಂ ತುಂಬಿಸಲು ಹಸುವೇ ದಾರಿ ಕೊಟ್ಟಿದೆ, ಅಲ್ವಾ? ಒಂದು ಕೆಚ್ಚಲಿಗೆ ನಾಲ್ಕು ತೊಟ್ಟು, ನಾಲ್ಕಕ್ಕೂ ಬೇರೆ ಬೇರೆ ಹಾಲಿನ ಕೋಣೆ. ಎಡಗಡೆಯ ಎರಡಕ್ಕೆ ಅಯೋಡಿನ್ ಮಾತ್ರ, ಬಲಗಡೆಯ ಎರಡಕ್ಕೆ ಮಿಶ್ರಣ. ಅದೇ ಹಸು, ಅದೇ ಮೇವು, ಅದೇ ಮ್ಯಾಟ್. ಅರ್ಧದಷ್ಟು ಹಸುಗಳಲ್ಲಿ ಎಡ ಬಲ ಅದಲು ಬದಲು ಮಾಡಿ. ವಾರಕ್ಕೊಮ್ಮೆ ಬಾವು ಪತ್ತೆ ಮಾಡುವ ನಾಲ್ಕು ಗುಂಡಿಯ ಸಿ.ಎಂ.ಟಿ. ತಟ್ಟೆಯಲ್ಲಿ ಒಂದೊಂದು ತೊಟ್ಟಿನ ಹಾಲು ಹಿಂಡಿ, ಆ ಪರೀಕ್ಷೆಯ ದ್ರಾವಣ ಹಾಕಿ ತಿರುಗಿಸಿ, ಲೋಳೆ ಕಟ್ಟಿದ್ದನ್ನು ಬರೆದಿಡಿ. ಕರೆದಾದ ಮೇಲೆ ಅರ್ಧ ಗಂಟೆಯಾದರೂ ತೊಟ್ಟಿನ ತೂತು ಪೂರ್ತಿ ಮುಚ್ಚಿರುವುದಿಲ್ಲ. ಅಷ್ಟು ಹೊತ್ತು ಮುಂದೆ ಹುಲ್ಲು ಹಾಕಿ ನಿಲ್ಲಿಸಿಕೊಳ್ಳಿ. ಇಲ್ಲದಿದ್ದರೆ ಮಲಗಿಬಿಡುತ್ತವೆ, ನಿಮ್ಮ ಪ್ರಯೋಗವೂ ಸಗಣಿಯಲ್ಲಿ ಮಲಗುತ್ತದೆ. ಅದ್ದುವ ಕಪ್‌ನ ಬಣ್ಣದ ಮೇಲೂ ಕಣ್ಣಿಡಿ. ಮೊದಲ ಹಸುವಿಗೆ ಗಾಢ ಕಂದು ಇದ್ದದ್ದು ಹಾಲು, ಸಗಣಿ ಸೇರುತ್ತಾ ಹೋಗಿ ಕೊನೆಯ ಹಸುವಿನ ಹೊತ್ತಿಗೆ ತಿಳಿ ಚಹಾದ ಹಾಗಾಗುತ್ತದೆ. ಬಣ್ಣ ಹೋಯಿತು ಅಂದರೆ ಅಯೋಡಿನ್ ಖರ್ಚಾಯಿತು ಅಂತ. ಎಡಕ್ಕೂ ಬಲಕ್ಕೂ ಕಪ್ ಬೇರೆ ಇರಲಿ.

ಇಷ್ಟು ಹಸುಗಳಲ್ಲಿ ಬಾವಿನ ಎಣಿಕೆ ಸಣ್ಣದು, ಅದನ್ನೊಂದೇ ನಂಬಿ ಹೋಗಬೇಡಿ. ಲ್ಯಾಬ್ ಪುರಾವೆಯೂ ಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಸೂಕ್ಷ್ಮಜೀವಿ ವಿಭಾಗದವರನ್ನು ಹೋಗಿ ಕೇಳಿ. ಕೇಳುವ ಮುಂಚೆ ಗುಟ್ಟು ಕಾಯುವ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ. ಅಯೋಡಿನ್ ಮಾತ್ರ, ಕ್ವಾಟ್ ಮಾತ್ರ, ಎರಡೂ ಸೇರಿ, ಹೀಗೆ ಮೂರು ಬಾಟಲಿ. ಮಿಶ್ರಣದಲ್ಲಿ ಎಷ್ಟಿದೆಯೋ ಬಿಡಿ ಬಾಟಲಿಯಲ್ಲೂ ಅಷ್ಟೇ ಇರಬೇಕು. ಒಂದು ಉದಾಹರಣೆ: 10 ಲಕ್ಷ ಬ್ಯಾಕ್ಟೀರಿಯಾದಲ್ಲಿ ಅಯೋಡಿನ್ 1,000 ಉಳಿಸಿತು, ಕ್ವಾಟ್ 10,000 ಉಳಿಸಿತು ಅಂದುಕೊಳ್ಳಿ. ಎರಡೂ ಸೇರಿದ್ದು 500 ಉಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. 10 ಅಥವಾ ಅದಕ್ಕೂ ಕಮ್ಮಿ ಉಳಿಸಿದರೆ, ಅಂದರೆ ಒಂಟಿಯಾಗಿ ಚೆನ್ನಾಗಿ ಕೆಲಸ ಮಾಡಿದ್ದು ಉಳಿಸಿದ್ದರಲ್ಲಿ ನೂರರಲ್ಲೊಂದು ಪಾಲು ಮಾತ್ರ ಉಳಿದರೆ, ಲ್ಯಾಬಿನವರು ಅದನ್ನು ಸಿನರ್ಜಿ ಅನ್ನುತ್ತಾರೆ. ಒಂದು ಎಚ್ಚರ. ನಿಗದಿ ಸಮಯ ಮುಗಿದ ಕೂಡಲೇ ಎರಡರ ಕೆಲಸವನ್ನೂ ನಿಲ್ಲಿಸಬೇಕು. ಅಯೋಡಿನ್‌ಗೆ ಸೋಡಿಯಂ ಥಯೋಸಲ್ಫೇಟ್, ಕ್ವಾಟ್‌ಗೆ ಲೆಸಿಥಿನ್ ಮತ್ತು ಟ್ವೀನ್. ಇಲ್ಲದಿದ್ದರೆ ಪ್ಲೇಟ್ ಮೇಲೂ ಕೊಲ್ಲುತ್ತಲೇ ಇರುತ್ತವೆ, ಸುಳ್ಳು ಗೆಲುವು ಬರುತ್ತದೆ.

ಇನ್ನೊಂದು ಮಾತು ನಿಮಗೆ ಹಿಡಿಸದೆ ಹೋಗಬಹುದು. ಅರ್ಜಿಯಲ್ಲಿ ನೀವು ತುಂಬ ಚೆನ್ನಾಗಿ ವಿವರಿಸಿದ್ದೀರಿ: ಕ್ವಾಟ್‌ನ ಧನ ವಿದ್ಯುದಂಶದ ತಲೆ ಬ್ಯಾಕ್ಟೀರಿಯಾದ ಋಣ ವಿದ್ಯುದಂಶದ ಮೈಗೆ ಅಂಟಿ ಪೊರೆ ಹರಿಯುತ್ತದೆ, ಆ ಬಾಗಿಲಿಂದ ಅಯೋಡಿನ್ ಒಳಗೆ ನುಗ್ಗುತ್ತದೆ. ಓದಲು ಸೊಗಸು. ಆದರೆ ಇಷ್ಟು ಸಲೀಸಾಗಿ ಅರ್ಥವಾಗುವುದಾದರೆ ಇದು ಎಲ್ಲರಿಗೂ ಹೊಳೆಯುವಂಥದ್ದೇ ಅಂತ ಪರೀಕ್ಷಕರು ನಿಮ್ಮ ಮಾತನ್ನೇ ನಿಮಗೆ ತಿರುಗಿಸುತ್ತಾರೆ. ಬಾಗಿಲಿನ ಕತೆ ಎಷ್ಟು ಚೆನ್ನಾಗಿದ್ದರೆ ಅಷ್ಟು ಅಪಾಯ.

ಈಗ ಮೂರನೇ ಪುಟದ ಅಂಚಿನ ಸಾಲು. ನೀವು ಬರೆದದ್ದು: "ಮೊದಮೊದಲು ಬೆರೆಸಿದಾಗ ಕಂದು ಗಸಿ ಕೂತುಬಿಡುತ್ತಿತ್ತು, ಹಾಕುವ ಕ್ರಮ ಬದಲಿಸಿ ಇನ್ನೊಂದು ಚೂರು ಸೇರಿಸಿದ ಮೇಲೆ ನಿಂತಿತು."

ಪುಣ್ಯಾತ್ಮರೇ, ಇದನ್ನು ಅಂಚಿನಲ್ಲಿ ಬರೆಯುತ್ತಾರಾ?

ಉದ್ದ ಸರಪಳಿಯ ಕ್ವಾಟ್‌ಗೂ ಅಯೋಡಿನ್‌ನ ಟ್ರೈಅಯೋಡೈಡ್‌ಗೂ ಎದುರು ಬದುರು ವಿದ್ಯುದಂಶ. ಒಂದನ್ನೊಂದು ಹಿಡಿದುಕೊಂಡು ನೀರು ಬಿಟ್ಟು ತಳಕ್ಕೆ ಹೋಗುತ್ತವೆ. ರಸಾಯನಶಾಸ್ತ್ರ ಗೊತ್ತಿದ್ದವರಾದರೆ 'ಎರಡೂ ಸೇರಿದರೆ ಗಸಿ ಆಗುತ್ತದೆ, ಬೇಡ' ಅಂತ ಕೈ ಹಿಂದೆ ತೆಗೆಯುತ್ತಾರೆ. ಎಲ್ಲರಿಗೂ ಹೊಳೆಯುವಂಥದ್ದು ಅನ್ನುವ ವಾದಕ್ಕೆ ನಿಮ್ಮ ಹತ್ತಿರ ಇರುವ ಒಳ್ಳೆಯ ಉತ್ತರ ಇದು. ಬಲ್ಲವರು ಬೇಡ ಅನ್ನುವ ದಾರಿಯಲ್ಲಿ ಹೋಗಿ ಗಸಿ ಕೂರದ ಹಾಗೆ ಮಾಡಿದ್ದೀರಿ. ಅಂದಹಾಗೆ ಆ ಗಸಿಯ ಹಿಂದಿನ ಹಿಡಿತವನ್ನೇ ಅಮೆರಿಕದ ಕ್ಯಾನ್ಸಸ್‌ನಲ್ಲಿ 1970ರ ದಶಕದಲ್ಲಿ ಉಪಯೋಗಕ್ಕೆ ತಂದರು. ಕ್ವಾಟರ್ನರಿ ಅಮೋನಿಯಂ ಇರುವ ರಾಳದ ಮಣಿಗಳಿಗೆ ಟ್ರೈಅಯೋಡೈಡ್ ಹಿಡಿಸಿ ನೀರು ಶುದ್ಧ ಮಾಡಿದರು. ಅಂಥ ಅಯೋಡಿನ್ ಹಿಡಿದ ರಾಳವೇ ಸ್ಪೇಸ್ ಶಟಲ್‌ನ ಕುಡಿಯುವ ನೀರಿಗೂ ಹೋಯಿತು. ಮುಂದೆ ಪರೀಕ್ಷಕರು ಅದನ್ನೂ ತಂದು ಮುಂದಿಡಬಹುದು. ಗಾಬರಿ ಬೇಡ. ಅವರು ಮಣಿಯಲ್ಲಿ ಹಿಡಿದು ಕೂರಿಸಿದರು. ನೀವು ದ್ರಾವಣದಲ್ಲಿ ಕೂರದಂತೆ ತಡೆದಿರಿ.

ಬೆರೆಸುವ ಕ್ರಮದಲ್ಲೇನಿದೆ ಮಹಾ ಅಂತ ನಿಮಗೆ ಅನಿಸಿದ್ದರೆ, ಸಕಲೇಶಪುರ, ಮೂಡಿಗೆರೆ ಕಡೆಯ ಯಾವ ತೋಟದಾಳನ್ನಾದರೂ ಕೇಳಿ. ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕುತ್ತಾರೆ. ಉಲ್ಟಾ ಸುರಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ಎಲೆಗೆ ಸರಿಯಾಗಿ ಹಿಡಿಯುವುದಿಲ್ಲ. ಕೊನೆಗೆ ಚಾಕು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಫ್ರಾನ್ಸಿನಲ್ಲಿ ದ್ರಾಕ್ಷಿ ಕಳ್ಳರನ್ನು ಹೆದರಿಸಲು ದಾರಿ ಬದಿಯ ಬಳ್ಳಿಗೆ ಬಳಿದಿದ್ದ ಈ ನೀಲಿ ನೀರು ರೋಗವನ್ನೂ ತಡೆಯುತ್ತದೆ ಅಂತ ಮಿಲ್ಲಾರ್ಡೆ ಅವರು 1885ರಲ್ಲಿ ಪ್ರಕಟಿಸಿದರು. ಈಗ ನಮ್ಮ ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆ ತುಕ್ಕಿಗೂ ಅದೇ. ಅವೇ ಎರಡು ವಸ್ತು, ಸುರಿಯುವ ಕೈ ಬದಲಾದರೆ ಬೇರೆ ಮದ್ದು.

ನೀವು ಯಾವ ಕ್ರಮದಲ್ಲಿ ಹಾಕಿದಿರಿ, ಆ 'ಇನ್ನೊಂದು ಚೂರು' ಏನು ಅನ್ನುವುದನ್ನು ನಾನು ಇಲ್ಲಿ ಅಚ್ಚು ಹಾಕಿಲ್ಲ. ಪತ್ರದಲ್ಲಿ ನೀವು ಧಾರಾಳವಾಗಿ ಬರೆದಿದ್ದೀರಿ. ಅಚ್ಚಾದರೆ ನಮ್ಮ ಪತ್ರಿಕೆಯೇ ನಿಮಗೆ ಎದುರು ದಾಖಲೆ ಆಗಿಬಿಡುತ್ತದೆ. ಇನ್ನು ಮುಂದೆ ಯಾರಿಗೂ ಹೀಗೆ ಬರೆಯಬೇಡಿ, ಸಂಪಾದಕರಿಗೂ.

ಈಗ ಮುಖ್ಯ ಪ್ರಶ್ನೆ. ಆ ಕ್ರಮ ನಿಮ್ಮ ಅರ್ಜಿಯ ಪೂರ್ಣ ವಿವರಣೆಯಲ್ಲಿ ಇದೆಯೋ ಇಲ್ಲವೋ? ಇದ್ದರೆ ಗೆದ್ದಷ್ಟೇ ಖುಷಿ ನನಗೆ. ಕ್ಲೇಮನ್ನು, ಅಂದರೆ ಯಾವುದಕ್ಕೆ ಹಕ್ಕು ಬೇಕು ಅಂತ ಬರೆದ ಭಾಗವನ್ನು, ಕಿರಿದು ಮಾಡಿ. 'ಅಯೋಡಿನ್ ಮತ್ತು ಕ್ವಾಟ್ ಇರುವ ಯಾವುದೇ ಮಿಶ್ರಣ' ಅಂತ ಊರಗಲ ಬೇಲಿ ಹಾಕಿದ್ದೀರಿ. ಅದನ್ನು ಬಿಟ್ಟು, ಗಸಿ ಕೂರದ ಆ ಒಂದು ಮಿಶ್ರಣ, ಮಾಡುವ ಆ ಒಂದು ವಿಧಾನ, ಇಷ್ಟಕ್ಕೆ ನಿಲ್ಲಿ. ಅರ್ಜಿಯಲ್ಲಿ ಇಲ್ಲದಿದ್ದರೆ ಈಗ ತೂರಿಸಲು ಸೆಕ್ಷನ್ 59 ಬಿಡುವುದಿಲ್ಲ. ಹೊಸ ಅರ್ಜಿ ಹಾಕಬೇಕು. ಆದರೆ ನಿಮ್ಮ ಮೊದಲ ಅರ್ಜಿ ಈಗಾಗಲೇ ಪ್ರಕಟವಾಗಿದೆ, ಪ್ರಕಟವಾಗದೆ ಪರೀಕ್ಷೆಗೆ ಹೋಗುವುದೇ ಇಲ್ಲ. ಹಾಗಾಗಿ ನಿಮ್ಮದೇ ಅರ್ಜಿ ನಿಮಗೆ ಅಡ್ಡ ಬರಬಹುದು. ಸೆಕ್ಷನ್ 54ರಲ್ಲಿ ಸೇರ್ಪಡೆ ಪೇಟೆಂಟ್ ಅಂತ ಒಂದು ದಾರಿ ಇದೆ, ಆದರೆ ಮೂಲ ಪೇಟೆಂಟ್ ಸಿಕ್ಕರೆ ಮಾತ್ರ ಅದು ಸಿಗುವುದು. ಇಲ್ಲಿಂದ ಮುಂದೆ ಒಬ್ಬ ಪೇಟೆಂಟ್ ಏಜೆಂಟ್ ಕೈ ಹಿಡಿಯುವುದು ವಾಸಿ.

ನಿಮ್ಮ ಏಳನೇ ಕ್ಲೇಮ್, 'ಹಸುವಿಗೆ ಕೆಚ್ಚಲು ಬಾವು ತಡೆಯುವ ವಿಧಾನ', ಅದನ್ನು ಬಿಟ್ಟುಬಿಡಿ. ಸೆಕ್ಷನ್ 3(ಐ) ಪ್ರಕಾರ ಪ್ರಾಣಿಗಳ ರೋಗ ಕಳೆಯುವ ಚಿಕಿತ್ಸಾ ವಿಧಾನಕ್ಕೆ ಪೇಟೆಂಟ್ ಇಲ್ಲ. ಇದರಲ್ಲಿ ಜಗಳಕ್ಕೆ ಏನೂ ಇಲ್ಲ.

ವರದಿಯ ತಾರೀಖಿನಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು. ಶುಲ್ಕ ಕಟ್ಟಿ ಕೇಳಿಕೊಂಡರೆ ಇನ್ನೂ 3 ತಿಂಗಳು ಸಿಗುತ್ತದೆ. ಗಡುವು ದಾಟಿದರೆ ಅರ್ಜಿಯನ್ನು ನೀವೇ ಕೈಬಿಟ್ಟಿರಿ ಅಂತ ಲೆಕ್ಕ. ನಿಮ್ಮ ವರದಿ ಬಂದು ಆಗಲೇ ಎರಡು ತಿಂಗಳಾಗಿದೆ. ಅರ್ಜಿಯಲ್ಲಿ ಹೇಳಿದ ಗುಣಕ್ಕೆ ಪುರಾವೆಯಾಗಿ ಹೊಸ ಪ್ರಯೋಗದ ಅಂಕಿಗಳನ್ನು ಉತ್ತರದ ಜೊತೆ ಕೊಡುವುದು ರೂಢಿಯಲ್ಲಿದೆ. ಅದಕ್ಕೇ ಲ್ಯಾಬ್ ಕೆಲಸ ಮೊದಲು, ಕೊಟ್ಟಿಗೆಯ ಎಡ ಬಲ ಲೆಕ್ಕ ಅದರ ಜೊತೆಜೊತೆಗೆ.

ನೆನಪಾಯಿತು, ಕರೆಯುವ ಮುಂಚೆ ತೊಟ್ಟನ್ನು ಚೆನ್ನಾಗಿ ಒರೆಸುತ್ತೀರಿ ತಾನೇ? ಕ್ವಾಟ್ ಹಾಲಿಗೆ ಸೇರಿದರೆ ಹೆಪ್ಪಿನ ಬ್ಯಾಕ್ಟೀರಿಯಾಗೂ ಅದು ವಿಷವೇ. ನಿಮ್ಮ ಮನೆಯ ಮೊಸರು ಸರಿಯಾಗಿ ಹೆಪ್ಪಾಗದಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಮಾರುವ ಯೋಚನೆ ಇದ್ದರೆ ಔಷಧ ಲೈಸೆನ್ಸಿನ ವಿಚಾರವೇ ಬೇರೆ. ಪೇಟೆಂಟ್ ಬೇರೆಯವರನ್ನು ತಡೆಯುತ್ತದೆ, ನಿಮಗೆ ಮಾರುವ ಅನುಮತಿ ಕೊಡುವುದಿಲ್ಲ.

ಗಸಿ ಕೂತ ಮೊದಲ ಬಾಟಲಿ ಅಟ್ಟದ ಮೇಲೆ ಎಲ್ಲೋ ಬಿದ್ದಿದೆ ಅಂತ ಬರೆದಿದ್ದೀರಿ. ಮನೆಯವರು ದೀಪಾವಳಿ ಅಂತ ಅಟ್ಟ ಗುಡಿಸುವ ಮೊದಲು ಅದನ್ನು ಇಳಿಸಿ, ತಾರೀಖಿನ ಚೀಟಿ ಅಂಟಿಸಿ, ಈಗಿನ ಬಾಟಲಿಯ ಪಕ್ಕ ಇಟ್ಟು ಒಂದು ಫೋಟೋ ತೆಗೆಯಿರಿ. ತೊಳೆದುಗಿಳೆದೀರಿ ಮತ್ತೆ.