ದತ್ತು ಮಗುವನ್ನು ಮನೆಯಿಂದ ಕರೆದೊಯ್ದ ನಂತರ: ಒಂದು ಆಪ್ತಸಲಹೆ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಗಡಿಭಾಗದ ಅಡಿಕೆ ಕೃಷಿಕ ಕುಟುಂಬವೊಂದರ ಪ್ರಕರಣ. ಇಂತಹ ಮಕ್ಕಳ ಗುರುತು ಹೊರಬೀಳುವುದನ್ನು 2015ರ ಬಾಲನ್ಯಾಯ ಕಾಯಿದೆಯ 74ನೇ ಕಲಂ ನಿಷೇಧಿಸಿರುವುದರಿಂದ ವಯಸ್ಸನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ದಂಪತಿ ಕಾನೂನು ಪ್ರಕಾರವೇ ದತ್ತು ಪಡೆದಾಗ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ನಾಲ್ಕನೆಯ ವರ್ಷದಲ್ಲಿ ಆಟಿಸಂ ಇದೆಯೆಂದು ವೈದ್ಯರು ಹೇಳಿದರು. ಈಗ ಏಳು ವರ್ಷದ ಆ ಹುಡುಗಿಗೆ ಮಾತಿಲ್ಲ. ನೀರು ಕಂಡರೆ ಓಡುತ್ತಾಳೆ. ಮನೆಯ ಕೆಳಗಿನ ತೋಟದಲ್ಲೋ, ಕಟ್ಟೆಯಿಲ್ಲದ ಕೆರೆ. ತಾಯಿ ಹಾಲು ಕರೆಯಲು ಹಟ್ಟಿಗೆ ಹೋಗುವಾಗ ಅವಳ ಸೊಂಟಕ್ಕೆ ಬೈರಾಸು ಸುತ್ತಿ ಜಗಲಿಯ ಕಂಬಕ್ಕೆ ಕಟ್ಟಿಹೋಗುತ್ತಿದ್ದರು. ಅದನ್ನು ನೋಡಿದ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿದರು. ಸೊಂಟದ ತರಚು ಗಾಯ, ಮುಂಗೈಯಲ್ಲಿ ಅವಳೇ ಕಚ್ಚಿಕೊಂಡ ಕಲೆಗಳು, ಇವೆರಡೂ ವರದಿಯಲ್ಲಿ ಸೇರಿದವು. ವಿಚಾರಣೆ ಮುಗಿಯುವವರೆಗೆ ಮಗು ಮಕ್ಕಳ ಪಾಲನಾ ಸಂಸ್ಥೆಯಲ್ಲಿರಲಿ ಎಂದು ಮಕ್ಕಳ ಕಲ್ಯಾಣ ಸಮಿತಿ ಆದೇಶಿಸಿತು.

“ನಾನು ಹೆತ್ತವಳಾಗಿದ್ದರೆ ಹೀಗೆ ಕೊಂಡುಹೋಗುತ್ತಿದ್ದರಾ ಟೀಚರೇ?” ಎಂಬುದು ಆಪ್ತಸಲಹೆಗೆ ಬಂದ ಆ ತಾಯಿ ನನ್ನಲ್ಲಿ ಕೇಳಿದ ಮೊದಲ ಪ್ರಶ್ನೆ. ನೆಂಟರಲ್ಲಿ ಕೆಲವರು, ಇನ್ನು ಅಲ್ಲೇ ಇರಲಿ, ನಿಮ್ಮ ಋಣ ಅಷ್ಟೇ ಎಂದು ಹೇಳಿಹೋಗಿದ್ದರಂತೆ. ನೊಂದ ಮನೆಯಲ್ಲಿ ನಿಂತು ಇಂತಹ ಮಾತನ್ನು ಆಡುವುದು ಕ್ರೌರ್ಯ ಎಂದೇ ನಾನು ಭಾವಿಸುತ್ತೇನೆ. ದತ್ತು ಆದೇಶವಾದ ದಿನದಿಂದ ಮಗು ಎಲ್ಲ ಅರ್ಥದಲ್ಲೂ ಆ ತಂದೆತಾಯಿಯದೇ ಆಗುತ್ತದೆ ಎಂದು ಕಾಯಿದೆಯ 63ನೇ ಕಲಂ ಹೇಳುತ್ತದೆ. ಹೆತ್ತವರ ಮನೆಯಲ್ಲಿ ಮಗುವನ್ನು ಕಟ್ಟಿಹಾಕಿದ್ದರೂ ವಿಚಾರಣೆ ಇದೇ ರೀತಿ ನಡೆಯಬೇಕಾಗಿತ್ತು ಎಂದು ಅವರಿಗೆ ವಿವರಿಸಿದೆ.

ಆಮೇಲೆ ಕಠಿಣವಾದ ಮಾತನ್ನೂ ಹೇಳಬೇಕಾಯಿತು. ಭಯದಿಂದಲೇ ಆಗಲಿ, ಮಗುವನ್ನು ಕಟ್ಟಿಹಾಕುವುದು ತಪ್ಪು. ಸಮಿತಿಯ ಮುಂದೆ ಅದನ್ನು ಅಲ್ಲಗಳೆಯಬೇಡಿ, ಕೆರೆಯನ್ನೂ ಹಟ್ಟಿಯನ್ನೂ ಒಂಟಿಯಾಗಿ ದುಡಿಯುವ ಬೆಳಗನ್ನೂ ಇದ್ದ ಹಾಗೆ ಹೇಳಿ ಎಂದೆ. ತಾಯಿ ಬಹಳ ಹೊತ್ತು ಅತ್ತರು. ದತ್ತಿನ ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮನೆ ನೋಡಲು ಕಾರ್ಯಕರ್ತೆ ಬರುತ್ತಿದ್ದಾಗ, ಅವರು ಬರುವ ಹೊತ್ತಿಗೆ ಮಗುವಿಗೆ ಉಣಿಸಿ ಮಲಗಿಸಿಬಿಡುತ್ತಿದ್ದ ಸಂಗತಿ ಆಗ ಹೊರಬಂತು. ಕರೆದರೆ ತಿರುಗಿ ನೋಡದ ಮಗುವನ್ನು ಕಂಡರೆ ವಾಪಸು ಒಯ್ಯುತ್ತಾರೆಂಬ ಹೆದರಿಕೆ ಅದಕ್ಕೆ ಕಾರಣ. ಆಗಲೇ ಬೇಗ ಸಿಗಬಹುದಾಗಿದ್ದ ತರಬೇತಿ ಈ ಹೆದರಿಕೆಯಿಂದಾಗಿ ತಪ್ಪಿಹೋಯಿತು. ದತ್ತು ಪಡೆದ ಇತರ ಪೋಷಕರಲ್ಲೂ ನಾನು ಕಂಡಿರುವ ಈ ಹೆದರಿಕೆಯನ್ನು ಮನೆಗೆ ಬರುವ ಅಧಿಕಾರಿಗಳೇ ಮೊದಲ ಭೇಟಿಯಲ್ಲಿ ಮಾತಾಡಿ ನಿವಾರಿಸಬೇಕು.

ತಂದೆಯವರು ರಾಜಕೀಯದವರನ್ನು ಹಿಡಿಯಲು ಹೊರಟಿದ್ದರು. ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಿ ಎಂದೆ. ಮಹಿಳೆಯರಿಗೂ ಮಕ್ಕಳಿಗೂ ಅಂಗವಿಕಲರಿಗೂ ಆ ಹಕ್ಕಿದೆ. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳ ಮಿತಿಯಿದೆ, ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು ಎಂಬುದನ್ನು ತಿಳಿಸಿದ ಮೇಲೆ ಅವರು ಸ್ವಲ್ಪ ಶಾಂತರಾದರು.

ಎಲ್ಲಕ್ಕಿಂತ ತುರ್ತಾದದ್ದು ಮಗುವಿನ ಸ್ಥಿತಿ. ನಿತ್ಯದ ಕ್ರಮ ತಪ್ಪಿದರೆ ಇಂತಹ ಮಗುವಿಗೆ ಜಗತ್ತೇ ಅಪರಿಚಿತವಾಗುತ್ತದೆ. ಸಂಸ್ಥೆಯಲ್ಲಿ ಅವಳು ಊಟ ಬಿಟ್ಟಿದ್ದಳು, ಕೈ ಕಚ್ಚಿಕೊಳ್ಳುವುದು ಹೆಚ್ಚಾಗಿತ್ತು. ಅವಳ ಒಂದು ದಿನವನ್ನು ತಾಯಿಯಿಂದ ಬರೆಸಿದೆ: ಕುಚ್ಚಿಲಕ್ಕಿ ಗಂಜಿಗೆ ಬೇರೇನೂ ತಾಗಬಾರದು, ಸ್ಟೀಲ್ ಬಟ್ಟಲೇ ಆಗಬೇಕು, ತಲೆಗೆ ನೀರು ಹಾಕುವ ಮೊದಲು ಕಾಲಿಗೆ ಹಾಕಬೇಕು, ಮಿಕ್ಸಿಯ ಸದ್ದಿಗೆ ಹೆದರುತ್ತಾಳೆ. ಮನೆಯ ಕನ್ನಡವಷ್ಟೇ ಅವಳ ಕಿವಿಗೆ ಪರಿಚಿತ, ಅಲ್ಲಿನ ಆಯಾಗಳದು ಮಲಯಾಳ. ಹಾಗಾಗಿ ಅವರಿಗಾಗಿ ಆ ಹಾಳೆಯನ್ನು ಮಲಯಾಳದಲ್ಲೂ ಬರೆಸಿ, ಪಕ್ಕದಲ್ಲಿ ಚಿತ್ರಗಳನ್ನು ಅಂಟಿಸಿದೆವು. ವಾರದೊಳಗೆ ಅವಳು ಗಂಜಿ ಉಂಡಳೆಂಬ ಸುದ್ದಿ ಬಂತು.

ಮನೆಯಲ್ಲಿ ಕೆರೆಗೆ ಕಬ್ಬಿಣದ ಬಲೆಯ ಬೇಲಿ ಬಂತು, ಜಗಲಿಗೆ ಮೇಲೆ ಚಿಲಕವಿರುವ ಗೇಟು ಬಂತು. ಹಾಲು ಕರೆಯುವ ಹೊತ್ತಿಗೆ ತಂದೆ ತೋಟಕ್ಕೆ ಹೋಗದೆ ಮಗುವಿನ ಬಳಿ ಇರುವುದೆಂದು ಒಪ್ಪಂದವಾಯಿತು. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ, ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುವ ನಿರಾಮಯ ವಿಮೆಗೂ ಅರ್ಜಿ ಹಾಕಿಸಿದೆ.

ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಿರಬೇಕು ಎಂಬುದು ಕಾಯಿದೆಯ ಮೂರನೆಯ ಕಲಮಿನಲ್ಲೇ ಇರುವ ತತ್ತ್ವ. ಈ ಬದಲಾವಣೆಗಳನ್ನು ಸ್ಥಳದಲ್ಲೇ ನೋಡಿದ ಮೇಲೆ ಸಮಿತಿ, ಮೇಲ್ವಿಚಾರಣೆಯ ಷರತ್ತಿನೊಂದಿಗೆ ಮಗುವನ್ನು ಹೆತ್ತವರಂತೆಯೇ ಇರುವ ಈ ದಂಪತಿಗೆ ಒಪ್ಪಿಸಿತು. ಮರಳಿದ ಮೇಲೆ ಬಹಳ ರಾತ್ರಿಗಳು ಅವಳು ತಾಯಿಯ ಸೀರೆ ಬಿಡದೆ ಎಚ್ಚರವಿದ್ದಳು. ಕರೆದೊಯ್ಯುವ ಮೊದಲೇ ಬೇಲಿಗೂ ನೆರವಿಗೂ ದಾರಿ ಹುಡುಕಿದ್ದರೆ ಇದನ್ನು ತಪ್ಪಿಸಬಹುದಾಗಿತ್ತು ಎಂಬ ನನ್ನ ಅಭಿಪ್ರಾಯವನ್ನು ಸಮಿತಿಗೆ ಬರೆದು ಕೊಟ್ಟಿದ್ದೇನೆ. ವಿಶೇಷ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಯಲ್ಲಿ ಅವಳಿಗೆ ಸ್ಥಳ ಸಿಕ್ಕಿದೆ, ಆದರೆ ಶಾಲೆಯ ವಾಹನ ಅವರ ಮನೆಯ ಕಚ್ಚಾ ರಸ್ತೆಗೆ ಇಳಿಯುತ್ತಿಲ್ಲ. ಆ ಬಗ್ಗೆ ವಾರ್ಡಿನ ಸದಸ್ಯರೊಡನೆ ಮಾತುಕತೆ ನಡೆಯುತ್ತಿದೆ.